ಬೋಟಿನ ಎಕ್ಸಾಸ್ಟ್ ವಾಲ್ವ್‌ಗೆ ಬೋಲ್ಟ್ ಬದಲು ಪಿನ್
ಸ್ವಿಚ್ ಒತ್ತಿ ಸದ್ದು ಬದಲಿಸುವ ಎಕ್ಸಾಸ್ಟ್ (ಎಂಜಿನ್ ಹೊಗೆ ಕೊಳವೆ) ಇರುವವರು ಗಮನಿಸಿ. ವಾಲ್ವ್ ತಿರುಗಿಸುವ ಪುಟ್ಟ ಮೋಟಾರನ್ನು ಅದರ ಲಿವರ್‌ಗೆ ಸೇರಿಸುವ ಬೋಲ್ಟ್ ತೆಗೆದು, ಅದೇ ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ಪಿನ್ ಮತ್ತು ಕ್ಲಿಪ್ ಹಾಕಿ. ನೀರಿನ ಮಧ್ಯೆ ಮೋಟಾರ್ ಕೈಕೊಟ್ಟರೆ ಸ್ಪ್ಯಾನರ್ ಹುಡುಕಬೇಕಿಲ್ಲ. ಎಂಜಿನ್ ನಿಲ್ಲಿಸಿ, ಪಿನ್ ಎಳೆದು, ಲಿವರನ್ನು ಕೈಯಲ್ಲೇ ಬೇಕಾದ ಕಡೆ ತಿರುಗಿಸಿ ಕಟ್ಟಿಬಿಡಿ. ಆದರೆ ಉಪ್ಪು ಕಟ್ಟಿ ವಾಲ್ವ್ ಒಳಗೆ ತಿರುಗುವ ತಟ್ಟೆಯೇ (ಫ್ಲ್ಯಾಪ್) ಬಿಗಿದಿದ್ದರೆ ಪಿನ್ ಏನೂ ಮಾಡಲ್ಲ. ಆಗ ಸುಮ್ನೆ ಸ್ವಿಚ್ ಒತ್ತುತ್ತಾ ಇರಬೇಡಿ, ಮೋಟಾರ್ ಸುಟ್ಟೀತು. ಇದಕ್ಕೇ ನಾನು ಪ್ರತಿ ಸಲ ಎಂಜಿನ್ ಆರಿಸುವ ಮೊದಲು, ಐಡಲ್‌ನಲ್ಲಿ, ವಾಲ್ವನ್ನು ಮೂರ್ನಾಲ್ಕು ಸಲ ಆಚೀಚೆ ಆಡಿಸುತ್ತೇನೆ. ಉಪ್ಪುನೀರಲ್ಲಿ ಓಡಿಸುವವರು ಇದನ್ನಂತೂ ತಪ್ಪಿಸಲೇಬೇಡಿ. ಪಿನ್ ಸಡಿಲ ಇದ್ದರೆ ಕಂಪನಕ್ಕೆ ತೂತು ಸವೆಯುತ್ತದೆ, ಅಳತೆ ಸರಿಯಾಗಿ ನೋಡಿ.