ಎದೆ ಸೀಳದೆ ಹೃದಯದ ಕವಾಟ ಕೂರಿಸುವುದು ಹೇಗೆ?

ದೇವಸ್ಥಾನದ ಮೂರನೇ ಮೆಟ್ಟಿಲಲ್ಲೇ ಅಜ್ಜಿ ನಿಂತುಬಿಡುತ್ತಾರೆ. ಸೆರಗು ಸರಿಮಾಡಿಕೊಳ್ಳುವ ನೆಪ. ನಿಜಕ್ಕೂ ಉಸಿರು ಸಾಲುತ್ತಿಲ್ಲ. "ಸುಸ್ತಾಯ್ತಾ ಅಜ್ಜಿ?" ಅಂದರೆ, "ಇಲ್ಲಪ್ಪ, ವಯಸ್ಸಾಯ್ತಲ್ಲ" ಅನ್ನುತ್ತಾರೆ. ಮನೆಯವರೂ ಹೌದಲ್ವಾ ಅಂದುಕೊಂಡು ಸುಮ್ಮನಾಗುತ್ತಾರೆ. ಆದರೆ 70 ದಾಟಿದವರ ಇಂಥ ಏದುಸಿರಿಗೆ ಎಷ್ಟೋ ಸಲ ಕಾರಣ ಬರೀ ವಯಸ್ಸಲ್ಲ, ಹೃದಯದ ಆಯೋರ್ಟಿಕ್ ಕವಾಟ.

ಹೃದಯದಿಂದ ಇಡೀ ಮೈಗೆ ರಕ್ತ ಹೊರಡುವ ಬಾಗಿಲು ಇದು. ಮೂರು ತೆಳು ಎಸಳುಗಳು ದಿನಕ್ಕೆ ಸುಮಾರು ಒಂದು ಲಕ್ಷ ಸಲ ತೆರೆದು ಮುಚ್ಚುತ್ತವೆ. ವಯಸ್ಸಾದಂತೆ ಕೆಲವರಲ್ಲಿ ಅವುಗಳ ಮೇಲೆ ಸುಣ್ಣ ಕಟ್ಟುತ್ತದೆ. ಬೋರ್‌ವೆಲ್ ನೀರು ಬರುವ ನಲ್ಲಿಯ ಬಾಯಲ್ಲಿ ಬಿಳಿಯ ಗಟ್ಟಿ ಕೂರುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಬಾಗಿಲು ಅರ್ಧಕ್ಕೇ ನಿಲ್ಲುತ್ತದೆ. ಇದನ್ನು ಕರಗಿಸುವ ಮಾತ್ರೆ ಇಲ್ಲ. ಕವಾಟವನ್ನೇ ಬದಲಿಸಬೇಕು. ಮೊದಲು ಅದಕ್ಕೆ ಎದೆ ಸೀಳುವುದೊಂದೇ ದಾರಿಯಿತ್ತು. ಈಗ ತೊಡೆಸಂದಿಯ ರಕ್ತನಾಳದಿಂದ ಕೊಳವೆ ತೂರಿಸಿ ಕೂರಿಸುವ 'ಟಾವಿ' ಇದೆ. ಅದನ್ನು ಹೇಗೆ ಮಾಡುತ್ತಾರೆ, ಮನೆಯವರು ಎಲ್ಲೆಲ್ಲಿ ಬಾಯಿಬಿಟ್ಟು ಕೇಳಬೇಕು, ನೋಡೋಣ.

ಹಂತ 1: ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟಿನಲ್ಲಿ ಮೂರು ಅಂಕಿ ಹುಡುಕಿ

ಆರೋಗ್ಯವಂತರ ಆಯೋರ್ಟಿಕ್ ಕವಾಟದ ಬಾಯಿ 3ರಿಂದ 4 ಚದರ ಸೆಂಟಿಮೀಟರ್ ಇರುತ್ತದೆ. ಅದು 1ಕ್ಕೆ ಇಳಿದರೆ ಕಾಯಿಲೆ ತೀವ್ರ. ಎರಡನೆಯದು ರಕ್ತದ ವೇಗ: ಸೆಕೆಂಡಿಗೆ 4 ಮೀಟರ್ ಮುಟ್ಟಿದರೆ ಜಾಸ್ತಿಯಾಯಿತು ಅಂತ ಅರ್ಥ. ಗಿಡಕ್ಕೆ ನೀರು ಹಾಕುವ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ದೂರ ಚಿಮ್ಮುವುದಿಲ್ಲವೇ? ಲೆಕ್ಕ ಅದೇ. ಮೂರನೆಯದು ಕವಾಟದ ಆಚೆ ಈಚೆ ಒತ್ತಡದ ಸರಾಸರಿ ವ್ಯತ್ಯಾಸ: 40 mmHg ಅಥವಾ ಅದಕ್ಕಿಂತ ಜಾಸ್ತಿಯಿದ್ದರೆ ತೀವ್ರ.

ಅಂಕಿಯಷ್ಟೇ ಮುಖ್ಯವಾದದ್ದು ಲಕ್ಷಣ. ಏದುಸಿರು, ನಡೆದಾಗ ಎದೆ ಹಿಡಿದಂತಾಗುವುದು, ತಲೆ ಸುತ್ತಿ ಬೀಳುವುದು. ಇಲ್ಲೊಂದು ಕಿವಿಮಾತು. "ಉಸಿರಾಟಕ್ಕೆ ತೊಂದರೆ ಇದೆಯಾ?" ಅಂತ ಕೇಳಿದರೆ ವಯಸ್ಸಾದವರು ಇಲ್ಲ ಅನ್ನುತ್ತಾರೆ. ಸುಳ್ಳಲ್ಲ ಅದು. ಏದುಸಿರು ಬರುವ ಕೆಲಸವನ್ನೇ ಅವರು ಬಿಟ್ಟಿರುತ್ತಾರೆ. "ಬಟ್ಟೆ ಒಣಹಾಕಲು ಟೆರೇಸಿಗೆ ಹೋಗುವುದನ್ನು ಯಾವಾಗ ನಿಲ್ಲಿಸಿದಿರಿ?" ಅಂತ ಕೇಳಿ ನೋಡಿ. ಉತ್ತರ ಬೇರೆಯೇ ಬರುತ್ತದೆ.

ಲಕ್ಷಣ ಶುರುವಾದ ಮೇಲೆ ಕಾಯುವುದು ಅಪಾಯ. 2010ರಲ್ಲಿ ಪ್ರಕಟವಾದ 'ಪಾರ್ಟ್‌ನರ್' ಅಧ್ಯಯನದಲ್ಲಿ ಇದ್ದವರು ಎದೆ ಸೀಳುವ ಆಪರೇಷನ್ ತಡೆದುಕೊಳ್ಳಲಾರದ ರೋಗಿಗಳು. ಟಾವಿ ಇಲ್ಲದೆ ಉಳಿದ ಚಿಕಿತ್ಸೆ ಪಡೆದವರಲ್ಲಿ ಒಂದೇ ವರ್ಷದಲ್ಲಿ ಶೇ 50.7 ಮಂದಿ ತೀರಿಕೊಂಡರು. ಟಾವಿ ಮಾಡಿಸಿಕೊಂಡವರಲ್ಲಿ ಶೇ 30.7.

ಹಂತ 2: ಟಾವಿಯೋ, ಆಪರೇಷನ್ನೋ?

ಗಾಯ ಚಿಕ್ಕದು ಅಂತ ಎಲ್ಲರಿಗೂ ಟಾವಿ ಒಳ್ಳೆಯದು ಎಂದುಕೊಳ್ಳಬೇಡಿ. 2020ರ ಅಮೆರಿಕದ ಮಾರ್ಗಸೂಚಿ 80 ದಾಟಿದವರಿಗೆ ಟಾವಿ ಅನ್ನುತ್ತದೆ, 65ಕ್ಕಿಂತ ಕಡಿಮೆ ವಯಸ್ಸಿನವರಿಗೆ ಆಪರೇಷನ್. ನಡುವಿನವರಿಗೆ ಕೂತು ಮಾತಾಡಿ ತೀರ್ಮಾನಿಸಬೇಕು. ಕಾರಣ ಬಾಳಿಕೆ. ಟಾವಿ ಕವಾಟದ ಎಸಳು ಪ್ರಾಣಿಯ ಅಂಗಾಂಶದ್ದು, ವರ್ಷಗಳು ಕಳೆದಂತೆ ಸವೆಯುತ್ತದೆ. ಲೋಹದ ಕವಾಟ ಅಷ್ಟು ಬೇಗ ಸವೆಯುವುದಿಲ್ಲ, ಆದರೆ ಅದನ್ನು ಮಡಚಿ ಕೊಳವೆಯೊಳಗೆ ತೂರಿಸಲಾಗದು. ತಿರುವನಂತಪುರದ ಶ್ರೀ ಚಿತ್ರ ಸಂಸ್ಥೆಯಲ್ಲಿ ರೂಪುಗೊಂಡು 1990ರಲ್ಲಿ ಮೊದಲ ಸಲ ರೋಗಿಗೆ ಹಾಕಿದ ಚಿತ್ರ ಕವಾಟ ಅಂಥದ್ದು. ಆ ಕೆಲಸದ ಮುಂದಾಳು ಡಾ. ಎಂ.ಎಸ್. ವಲಿಯತ್ತಾನ್ ಆಮೇಲೆ ನಮ್ಮ ಮಣಿಪಾಲಕ್ಕೆ ಕುಲಪತಿಯಾಗಿ ಬಂದರು. ಲೋಹದ ಕವಾಟ ಹಾಕಿಸಿಕೊಂಡವರು ಬದುಕಿಡೀ ರಕ್ತ ಹೆಪ್ಪುಗಟ್ಟದ ಮಾತ್ರೆ ನುಂಗಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. 50ರ ರೈತನಿಗೆ ಒಂದು ಲೆಕ್ಕ, 82ರ ಅಜ್ಜಿಗೆ ಇನ್ನೊಂದು.

ನಮ್ಮಲ್ಲಿ ಇನ್ನೊಂದು ಗೊಂದಲವೂ ಇದೆ. ಚಿಕ್ಕವಯಸ್ಸಿನ ಹೆಣ್ಣುಮಕ್ಕಳಲ್ಲಿ ರುಮ್ಯಾಟಿಕ್ ಜ್ವರದಿಂದ ಕಿರಿದಾಗುವುದು ಹೆಚ್ಚಾಗಿ ಬೇರೆ ಕವಾಟ, ಮೈಟ್ರಲ್. ಅದನ್ನು ಸಾಮಾನ್ಯವಾಗಿ ಬಲೂನಿನಿಂದ ಬಿಡಿಸುತ್ತಾರೆ. ಬೆಂಗಳೂರಿನ ಜಯದೇವ ಸಂಸ್ಥೆಗೆ ಆ ಕೆಲಸದಲ್ಲಿ ದೊಡ್ಡ ಹೆಸರಿದೆ. ಅದು ಟಾವಿ ಅಲ್ಲ.

ಕೆಲವು ಮನೆಗಳಲ್ಲಿ ಬೇರೊಂದು ಪ್ರಶ್ನೆ ಏಳುತ್ತದೆ. ಎಸಳು ಯಾವ ಪ್ರಾಣಿಯದು? ಕೆಲವು ಕಂಪನಿಗಳದ್ದು ಹಸುವಿನ ಹೃದಯದ ಸುತ್ತಲಿನ ಪೊರೆ, ಕೆಲವದ್ದು ಹಂದಿಯದ್ದು. ಕೇಳಲು ಸಂಕೋಚ ಬೇಡ. ಹಿಂದಿನ ರಾತ್ರಿ ಗೊತ್ತಾಗಿ ಮನೆಯಲ್ಲಿ ಗಲಾಟೆಯಾಗುವುದಕ್ಕಿಂತ ಮೊದಲೇ ಕೇಳುವುದು ವಾಸಿ.

ಹಂತ 3: ಅಳತೆ

ನನ್ನನ್ನು ಕೇಳಿದರೆ ಅರ್ಧ ಟಾವಿ ಮುಗಿಯುವುದು ಇಲ್ಲೇ, ರೋಗಿಯನ್ನು ಮುಟ್ಟುವ ಮೊದಲೇ. ಆಪರೇಷನ್ನಿನಲ್ಲಿ ಸರ್ಜನ್ ಹಳೆಯ ಕವಾಟ ಕತ್ತರಿಸಿ ತೆಗೆದು, ಅಳೆದು, ಹೊಸದನ್ನು ಹೊಲಿಯುತ್ತಾರೆ. ಟಾವಿಯಲ್ಲಿ ಹೊಲಿಗೆ ಇಲ್ಲ. ಹಳೆಯ ಕವಾಟವನ್ನು ತೆಗೆಯುವುದೂ ಇಲ್ಲ. ಹೊಸದು ಹಳೆಯದನ್ನು ಗೋಡೆಗೆ ಒತ್ತಿಕೊಂಡು, ಬಿಗಿತದಿಂದಲೇ ನಿಲ್ಲಬೇಕು. ತಮಾಷೆಯೆಂದರೆ, ಕಾಯಿಲೆ ತಂದ ಆ ಸುಣ್ಣವೇ ಹೊಸ ಕವಾಟಕ್ಕೆ ಹಿಡಿತ ಕೊಡುತ್ತದೆ.

ಹಾಗಾಗಿ ಕಾಂಟ್ರಾಸ್ಟ್ ಬಣ್ಣ ಕೊಟ್ಟು ಸಿಟಿ ಸ್ಕ್ಯಾನ್ ಮಾಡಿ ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುತ್ತಾರೆ. ಚಿಕ್ಕದಾದರೆ ಅಂಚಿನಿಂದ ರಕ್ತ ಸೋರುತ್ತದೆ, ಕವಾಟ ಜಾರಲೂಬಹುದು. ದೊಡ್ಡದಾದರೆ ಕವಾಟ ಕೂರುವ ಜಾಗದ ಉಂಗುರ ಸೀಳುವ ಭಯ. ಒಂದು ಹೆಸರಾಂತ ಅಮೆರಿಕನ್ ಕವಾಟ 20, 23, 26, 29 ಮಿ.ಮೀ.ಗಳಲ್ಲಿ ಸಿಗುತ್ತದೆ. ಗುಜರಾತಿನ ವಾಪಿಯಲ್ಲಿ ತಯಾರಾಗುವ 'ಮೈವಾಲ್' ನಡುವೆ 21.5, 24.5ರಂಥ ಅಳತೆಗಳನ್ನೂ ತಂದಿತು. ರೆಡಿಮೇಡ್ ಅಂಗಡಿಯಲ್ಲಿ 40 ಬಿಗಿ, 42 ಸಡಿಲ ಅಂತ ಒದ್ದಾಡಿದವರಿಗೆ ಇದರ ಬೆಲೆ ಗೊತ್ತು.

ಅದೇ ಸ್ಕ್ಯಾನಿನಲ್ಲಿ ಇನ್ನೆರಡು ಸಂಗತಿ ನೋಡುತ್ತಾರೆ. ತೊಡೆಯ ರಕ್ತನಾಳ ಕೊಳವೆ ಹಿಡಿಸುವಷ್ಟು ಅಗಲವಿದೆಯೇ? ಹೃದಯಕ್ಕೇ ರಕ್ತ ಕೊಡುವ ನಾಳಗಳ ಬಾಯಿ ಎಷ್ಟು ಎತ್ತರದಲ್ಲಿದೆ? ತೀರಾ ಕೆಳಗಿದ್ದರೆ, ಒತ್ತಲ್ಪಟ್ಟ ಹಳೆಯ ಎಸಳು ಆ ಬಾಯನ್ನೇ ಮುಚ್ಚಿಬಿಡಬಹುದು. ಮೂತ್ರಪಿಂಡ ದುರ್ಬಲವಿದ್ದರೆ ಸ್ಕ್ಯಾನಿಗೆ ಮೊದಲೇ ಹೇಳಿ, ಆ ಬಣ್ಣ ಅದಕ್ಕೆ ಆಗಿಬರುವುದಿಲ್ಲ.

ಹಂತ 4: ಕ್ಯಾಥ್ ಲ್ಯಾಬಿನೊಳಗೆ (ರಕ್ತನಾಳದಿಂದ ಕೊಳವೆ ತೂರಿಸುವ ಕೋಣೆ)

ಬಹಳಷ್ಟು ಕಡೆ ಈಗ ಪೂರ್ತಿ ಅರಿವಳಿಕೆ ಕೊಡುವುದಿಲ್ಲ. ತೊಡೆಸಂದಿಗೆ ಮರಗಟ್ಟಿಸುವ ಇಂಜೆಕ್ಷನ್, ಸ್ವಲ್ಪ ಮಂಪರು, ಅಷ್ಟೆ. ರಕ್ತನಾಳಕ್ಕೆ ಸೂಜಿ ಹಾಕಿ ತಂತಿ ಬಿಡುತ್ತಾರೆ. ಎಕ್ಸ್‌ರೇ ಪರದೆ ನೋಡುತ್ತಾ ಆ ತಂತಿಯನ್ನು ಮಹಾಪಧಮನಿಯುದ್ದಕ್ಕೂ ಏರಿಸಿ, ಕಿರಿದಾದ ಕವಾಟದ ಬಾಯಿ ದಾಟಿಸಿ ಹೃದಯದ ಎಡಕೋಣೆಗೆ ಇಳಿಸುತ್ತಾರೆ. ಇನ್ನು ಮುಂದೆ ಎಲ್ಲವೂ ಸಾಗುವುದು ಈ ತಂತಿಯ ಮೇಲೇ.

ಅಷ್ಟರಲ್ಲಿ ಪಕ್ಕದ ಮೇಜಿನ ಮೇಲೆ ಇನ್ನೊಂದು ಕೆಲಸ ನಡೆದಿರುತ್ತದೆ. ಕವಾಟ ಬರುವುದು ದ್ರಾವಣ ತುಂಬಿದ ಡಬ್ಬಿಯಲ್ಲಿ. ಅದನ್ನು ಎತ್ತಿ ಸಲೈನ್ ಬಟ್ಟಲಲ್ಲಿ ಅದ್ದಿ ಅಲುಗಿಸಿ ತೊಳೆಯುತ್ತಾರೆ. ಲೋಹದ ಜಾಲರಿಯೊಳಗೆ ದಾರದಿಂದ ಹೊಲಿದ ಮೂರು ಎಸಳು. ಬಳೆಗಿಂತ ಚಿಕ್ಕದು, ಉಂಗುರಕ್ಕಿಂತ ದೊಡ್ಡದು. ಹಿಡಿಕೆಯಿರುವ ಒಂದು ಸಾಧನದಲ್ಲಿಟ್ಟು ಸುತ್ತಲಿಂದ ಒತ್ತಿದರೆ, ಅದು ಬಲೂನಿನ ಸುತ್ತ ಪೆನ್ನಿನ ದಪ್ಪಕ್ಕೆ ಕುಗ್ಗುತ್ತದೆ. ಎಸಳು ಯಾವ ದಿಕ್ಕಿಗಿದೆ ಅಂತ ಅಲ್ಲಿದ್ದವರು ಮತ್ತೆ ಮತ್ತೆ ನೋಡುತ್ತಾರೆ. ತಲೆಕೆಳಗಾದರೆ ಬಾಗಿಲು ಹಿಂದುಮುಂದಾದಂತೆ.

ಬಲೂನ್ ಇಲ್ಲದ ಜಾತಿಯೂ ಇದೆ. ಅದರ ಜಾಲರಿ ನಿಟಿನಾಲ್ ಎಂಬ ಲೋಹದ್ದು. ತಣ್ಣಗಿನ ಸಲೈನಿನಲ್ಲಿ ಮೆತ್ತಗಾಗಿ ಮಡಚುತ್ತದೆ. ಮೈಯ ಬಿಸಿಯಲ್ಲಿ ಹೊದಿಕೆ ಸರಿಸಿದರೆ ತಾನೇ ಬಿಚ್ಚಿಕೊಳ್ಳುತ್ತದೆ.

ಹಂತ 5: ಆ ಕೆಲವು ಸೆಕೆಂಡು

ಬಲೂನ್ ಕವಾಟ ಜಾಗಕ್ಕೆ ಬಂದಿದೆ. ಆದರೆ ಪ್ರತಿ ಬಡಿತಕ್ಕೂ ರಕ್ತ ಅದನ್ನು ಹೊರಕ್ಕೆ ತಳ್ಳುತ್ತಿದೆ. ಏನು ಮಾಡುವುದು? ತಾತ್ಕಾಲಿಕ ಪೇಸ್‌ಮೇಕರಿನಿಂದ ಹೃದಯವನ್ನು ನಿಮಿಷಕ್ಕೆ 180–200 ಸಲ ಬಡಿಸುತ್ತಾರೆ. ಅಷ್ಟು ವೇಗದಲ್ಲಿ ಹೃದಯ ಬರೀ ಅದುರುತ್ತದೆ, ರಕ್ತ ಹೆಚ್ಚು ಹೊರಡುವುದಿಲ್ಲ. ಮಾನಿಟರಿನಲ್ಲಿ ರಕ್ತದೊತ್ತಡದ ಅಲೆ ಮಲಗಿಬಿಡುತ್ತದೆ. ಕೋಣೆಯಲ್ಲಿ ಯಾರೂ ಮಾತಾಡುವುದಿಲ್ಲ. ಬಲೂನ್ ಉಬ್ಬುತ್ತದೆ, ಕವಾಟ ಅರಳುತ್ತದೆ, ಬಲೂನ್ ಕುಗ್ಗುತ್ತದೆ, ಪೇಸಿಂಗ್ ನಿಲ್ಲುತ್ತದೆ. ಅಲೆ ಮತ್ತೆ ಏಳುವುದನ್ನೇ ಎಲ್ಲರೂ ನೋಡುತ್ತಾ ನಿಲ್ಲುತ್ತಾರೆ.

ಕವಾಟವನ್ನು ಮಡಚಿ ಕೊಳವೆಯಿಂದ ಕೂರಿಸುವ ಉಪಾಯದ ಹುಟ್ಟು ಅಷ್ಟೇನೂ ಗಂಭೀರವಲ್ಲ. ಡೆನ್ಮಾರ್ಕಿನ ಹೆನ್ನಿಂಗ್ ರುಡ್ ಆಂಡರ್ಸನ್ ಎಂಬ ಎಳೆಯ ವೈದ್ಯ, ಕಸಾಯಿ ಅಂಗಡಿಯಿಂದ ಹಂದಿಯ ಹೃದಯ ತಂದು, ಅದರ ಕವಾಟವನ್ನು ಕೈಯಾರೆ ಬಗ್ಗಿಸಿದ ತಂತಿಗೆ ಹೊಲಿದು, 1989ರಲ್ಲಿ ಬದುಕಿದ್ದ ಹಂದಿಗೆ ಹಾಕಿದ. ಮನುಷ್ಯರಿಗೆ ಮೊದಲು ಕೂರಿಸಿದ್ದು ಫ್ರಾನ್ಸಿನ ರುವಾಂ ಊರಿನಲ್ಲಿ ಡಾ. ಅಲೈನ್ ಕ್ರಿಬಿಯೆ, 2002ರ ಏಪ್ರಿಲ್ 16ರಂದು. ರೋಗಿಗೆ 57 ವರ್ಷ, ಯಾವ ಸರ್ಜನ್ನೂ ಕೈಹಾಕಲು ಒಪ್ಪದ ಸ್ಥಿತಿ. ಕವಾಟ ಕೆಲಸ ಮಾಡಿತು. ಆತ ನಾಲ್ಕು ತಿಂಗಳ ಬಳಿಕ ಬೇರೆ ಕಾರಣದಿಂದ ತೀರಿಕೊಂಡ.

ಹಂತ 6: ಆಮೇಲೆ

ಕವಾಟ ಸೋರುತ್ತಿದೆಯೇ ಅಂತ ಎಕೋ ಮಾಡಿ ನೋಡುತ್ತಾರೆ. ತೊಡೆಯ ತೂತನ್ನು ಚರ್ಮದಡಿಯೇ ಹೊಲಿಗೆಯಿಂದ ಮುಚ್ಚುತ್ತಾರೆ. ಕೆಲವು ಗಂಟೆ ಕಾಲು ಮಡಚದೆ ಮಲಗಬೇಕು. ಎಲ್ಲ ಸರಿಯಿದ್ದರೆ ಮರುದಿನ ನಡೆದಾಡಿಸುತ್ತಾರೆ, ಕೆಲವೇ ದಿನಗಳಲ್ಲಿ ಮನೆ.

ತೊಂದರೆ ಇಲ್ಲವೇ ಇಲ್ಲ ಅನ್ನುವವರನ್ನು ನಂಬಬೇಡಿ. ಪಾರ್ಶ್ವವಾಯು, ಕಾಲಿನ ನಾಳಕ್ಕೆ ಪೆಟ್ಟು, ರಕ್ತಸ್ರಾವ ಆಗುವುದುಂಟು. ಹೃದಯದ ವಿದ್ಯುತ್ ದಾರಿ ಈ ಕವಾಟದ ಪಕ್ಕದಲ್ಲೇ ಹಾಯುತ್ತದೆ. ಜಾಲರಿ ಅದನ್ನು ಒತ್ತಿದರೆ ಶಾಶ್ವತ ಪೇಸ್‌ಮೇಕರ್ ಬೇಕಾಗಬಹುದು. ಮನೆಗೆ ಬಂದ ಮೇಲೆ ತಲೆಸುತ್ತಿದರೆ "ನಿಶ್ಶಕ್ತಿ" ಅಂತ ಕಾಫಿ ಕೊಟ್ಟು ಮಲಗಿಸಬೇಡಿ, ಇಸಿಜಿ ಮಾಡಿಸಿ. ಪೇಸ್‌ಮೇಕರಿನ ಖರ್ಚು ಪ್ಯಾಕೇಜಿನಲ್ಲಿ ಸೇರಿದೆಯೇ ಎಂಬುದನ್ನೂ ಮೊದಲೇ ಬರೆಸಿಕೊಳ್ಳಿ. ಬಿಲ್ಲು ಲಕ್ಷಗಳಲ್ಲಿ ಇರುತ್ತದೆ, ಅದರಲ್ಲಿ ದೊಡ್ಡ ಪಾಲು ಕವಾಟದ್ದೇ.

ಮಾತ್ರೆ ಹೆಚ್ಚಿನವರಿಗೆ ದಿನಕ್ಕೊಂದು ಆಸ್ಪಿರಿನ್. ಬೇರೆ ಕಾರಣಕ್ಕೆ ರಕ್ತ ತೆಳುವಾಗಿಸುವ ಮಾತ್ರೆ ಇದ್ದವರದ್ದು ಬೇರೆ ಲೆಕ್ಕ, ವೈದ್ಯರನ್ನು ಕೇಳಿ. ವರ್ಷಕ್ಕೊಮ್ಮೆ ಎಕೋ ತಪ್ಪಿಸಬೇಡಿ. ಕವಾಟದ ಅಳತೆ, ಹೆಸರು, ಹಾಕಿದ ದಿನಾಂಕ ಇರುವ ಕಾರ್ಡ್ ಕೊಡುತ್ತಾರೆ. ಅದು ಬೀರುವಿನ ಫೈಲಿಗಲ್ಲ, ಪರ್ಸಿಗೆ. ಬಾಯಿಯ ಕೀಟಾಣು ರಕ್ತಕ್ಕಿಳಿದು ಹೊಸ ಕವಾಟದ ಮೇಲೆ ಕೂತರೆ ಜೀವಕ್ಕೇ ಕುತ್ತು. ಅದಕ್ಕೇ ಹಲ್ಲು ಕೀಳಿಸುವ ಮೊದಲು ಆಂಟಿಬಯೋಟಿಕ್ ಬೇಕು. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂರುವ ಮುಂಚೆಯೇ ಅಜ್ಜಿ ಆ ಕಾರ್ಡ್ ತೆಗೆದು ತೋರಿಸಲಿ.