ಸಂಡೇ ಸ್ಕೂಲ್ ಟೀಚರ್‌ಗಳು ಒಂದು ತಂಡವಾಗಬೇಕಾದರೆ

ಮುಂಬೈಯ ಕನ್ನಡ ಚರ್ಚ್ ಸಭೆಗಳಲ್ಲಿ ಒಬ್ಬ ಟೀಚರ್ ಡೊಂಬಿವಲಿಯಿಂದ ಬಂದರೆ ಇನ್ನೊಬ್ಬರು ಮೀರಾ ರೋಡಿನಿಂದ. ಭಾನುವಾರ ಹೆಚ್ಚಾಗಿ ಮೆಗಾ ಬ್ಲಾಕ್ (ಹಳಿ ರಿಪೇರಿಗೆ ಲೋಕಲ್ ರೈಲು ನಿಲ್ಲಿಸುವುದು) ಬೇರೆ, ಅಲ್ವಾ? ಅದಕ್ಕೇ ಶನಿವಾರ ಸಂಜೆಯೇ ವಾಟ್ಸಾಪ್ ಗ್ರೂಪಿನಲ್ಲಿ ಯಾವ ಲೈನ್ ಬಂದ್, ಯಾರು ತಡ, ಅವರ ಕ್ಲಾಸ್ ಯಾರು ನೋಡಿಕೊಳ್ಳುತ್ತಾರೆ ಅಂತ ಹೆಸರು ಹಾಕಿಯೇ ಬರೆದುಬಿಡಿ. ಸುಮ್ನೆ 'ಯಾರಾದರೂ ನೋಡಿಕೊಳ್ಳಿ' ಅಂದರೆ ಯಾರೂ ನೋಡುವುದಿಲ್ಲ.

ಪ್ರತಿ ಕ್ಲಾಸಿನಲ್ಲೂ ಇಬ್ಬರು ದೊಡ್ಡವರು ಇರಲೇಬೇಕು. ಮಕ್ಕಳ ಸುರಕ್ಷತೆಯಲ್ಲಿ ರಾಜಿ ಬೇಡ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ, 1098 ಮಕ್ಕಳ ಸಹಾಯವಾಣಿ ಎಲ್ಲರಿಗೂ ಗೊತ್ತಿರಲಿ.

ಹೊಸಬರಿಗೆ ಮೊದಲ ವಾರವೇ ಪಾಠ ವಹಿಸಬೇಡಿ. ಹಳಬರ ಪಕ್ಕ ಕೂತು ಹಾಜರಿ ಹಾಕಲಿ, ಕ್ರೆಯಾನ್ಸ್ ಹಂಚಲಿ, ಮಕ್ಕಳ ಹೆಸರು ಕಲಿಯಲಿ. ಮನಸ್ತಾಪ ಬಂದರೆ ಗ್ರೂಪಿನಲ್ಲಿ ಎಳೆದಾಡದೆ ನೇರ ಅವರಿಗೇ ಫೋನ್ ಮಾಡಿ, ಅದೂ ಮುಂದಿನ ಭಾನುವಾರದ ಒಳಗೆ.