ವಸಡಿನಿಂದ ರಕ್ತ ಬಂದಾಗ ಮಾಡಬೇಕಾದದ್ದು

ಹಲ್ಲುಜ್ಜಿ ಉಗುಳಿದ ನೊರೆಯಲ್ಲಿ ಕೆಂಪು ಕಂಡೊಡನೆ ಅನೇಕರು ಆ ಜಾಗಕ್ಕೆ ಬ್ರಷ್ ತಾಗಿಸುವುದನ್ನೇ ಬಿಡುತ್ತಾರೆ. ಮಾಡಬೇಕಾದದ್ದು ಇದಕ್ಕೆ ತದ್ವಿರುದ್ಧ. ರಕ್ತ ಬರಲು ಬಹುಪಾಲು ಕಾರಣ, ಹಲ್ಲು ಮತ್ತು ವಸಡು ಕೂಡುವ ಅಂಚಿನಲ್ಲಿ ಉಳಿದುಕೊಂಡ ಬ್ಯಾಕ್ಟೀರಿಯಾಗಳ ಅಂಟುಪದರ, ಅಂದರೆ ಪ್ಲಾಕ್. ಅದನ್ನು ತೆಗೆಯದೆ ಊತ ಇಳಿಯುವುದಿಲ್ಲ. ದಂತವಿಜ್ಞಾನಿ ಹರಾಲ್ಡ್ ಲೋ ಮತ್ತು ಸಂಗಡಿಗರು 1965ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರೋಗ್ಯವಂತ ವಸಡುಳ್ಳ 12 ಮಂದಿ ಬಾಯಿ ಶುಚಿಗೊಳಿಸುವುದನ್ನು ನಿಲ್ಲಿಸಿದಾಗ 10ರಿಂದ 21 ದಿನಗಳೊಳಗೆ ಎಲ್ಲರಿಗೂ ವಸಡಿನ ಉರಿಯೂತ ಕಾಣಿಸಿಕೊಂಡಿತು. ಮತ್ತೆ ಉಜ್ಜತೊಡಗಿದ ಮೇಲೆ ಅದು ಸುಮಾರು ಒಂದು ವಾರದಲ್ಲಿ ವಾಸಿಯಾಯಿತು.

ಈ ಹಂತ ದಾಟಿದರೆ ಮಾತು ಬೇರೆ. ಪ್ಲಾಕ್ ಜೊಲ್ಲಿನ ಖನಿಜಗಳಿಂದ ಗಟ್ಟಿಯಾಗಿ ಟಾರ್ಟರ್ ಆದ ಮೇಲೆ ಬ್ರಷ್ಷಿಗೆ ಜಗ್ಗುವುದಿಲ್ಲ. ಉರಿಯೂತ ಆಳಕ್ಕಿಳಿದಂತೆ ವಸಡು ಹಲ್ಲಿನಿಂದ ಬಿಟ್ಟುಕೊಂಡು ಅವೆರಡರ ನಡುವಿನ ಸಂದು ಹಿಗ್ಗುತ್ತದೆ. ಸಾಮಾನ್ಯವಾಗಿ 1ರಿಂದ 3 ಮಿಲಿಮೀಟರ್ ಇರಬೇಕಾದ ಆ ಸಂದು ಇನ್ನೂ ಆಳವಾಗುತ್ತಾ ಹೋದರೆ ಹಲ್ಲನ್ನು ಹಿಡಿದಿರುವ ಮೂಳೆ ಕರಗತೊಡಗುತ್ತದೆ. ಹೀಗೆ ಕರಗಿದ ಮೂಳೆ ತಾನಾಗಿ ಮರಳಿ ಬೆಳೆಯುವುದಿಲ್ಲ. ಇಷ್ಟೆಲ್ಲ ನಡೆದರೂ ಹೆಚ್ಚಾಗಿ ನೋವಿರುವುದಿಲ್ಲ ಎಂಬುದೇ ನನಗೆ ಅತ್ಯಂತ ಕಳವಳದ ಸಂಗತಿ. ಧೂಮಪಾನಿಗಳಲ್ಲಂತೂ ರಕ್ತಸ್ರಾವ ಕಡಿಮೆ ಕಾಣುವುದರಿಂದ ರೋಗ ಮರೆಯಲ್ಲೇ ಬೆಳೆಯುತ್ತದೆ.

ಮೃದು ಎಳೆಗಳ ಬ್ರಷ್ಷನ್ನು ವಸಡಿನ ಅಂಚಿಗೆ ಸುಮಾರು 45 ಡಿಗ್ರಿ ಓರೆಯಾಗಿ ಹಿಡಿದು, ಅರ್ಧ ಎಳೆ ವಸಡಿನ ಮೇಲೂ ಅರ್ಧ ಹಲ್ಲಿನ ಮೇಲೂ ಇರುವಂತೆ, ಒತ್ತದೆ, ಸಣ್ಣ ಸಣ್ಣದಾಗಿ ಅಲುಗಾಡಿಸಬೇಕು. ದಿನಕ್ಕೆರಡು ಬಾರಿ, ಪ್ರತಿ ಸಲ ಎರಡು ನಿಮಿಷ ಸಾಕು. ಕೆಳದವಡೆಯ ಮುಂಬಲ್ಲುಗಳ ಒಳಮೈಯಲ್ಲಿ ಟಾರ್ಟರ್ ಬೇಗ ಕಟ್ಟುವುದರಿಂದ ಅಲ್ಲಿ ಬ್ರಷ್ಷನ್ನು ನೆಟ್ಟಗೆ ನಿಲ್ಲಿಸಿ ಉಜ್ಜಿರಿ. ಹಲ್ಲುಗಳ ನಡುವೆ ಬ್ರಷ್ ಹೋಗುವುದಿಲ್ಲ. ಅದಕ್ಕೆ ದಿನಕ್ಕೊಮ್ಮೆ ದಂತದಾರ, ಸಂದಿ ಅಗಲವಾಗಿದ್ದರೆ ಸಂದಿಗೆಂದೇ ಬರುವ ಪುಟ್ಟ ಬ್ರಷ್ ಬೇಕು. ಕ್ಲೋರ್‌ಹೆಕ್ಸಿಡಿನ್ ಬಾಯಿ ತೊಳೆಯುವ ದ್ರವ ಉಜ್ಜುವುದಕ್ಕೆ ಬದಲಿಯಲ್ಲ, ದೀರ್ಘಕಾಲ ಬಳಸಿದರೆ ಹಲ್ಲಿಗೆ ಕಲೆ ಕಟ್ಟುತ್ತದೆ. ವೈದ್ಯರು ಹೇಳಿದಷ್ಟು ದಿನ ಮಾತ್ರ ಬಳಸಿ.

ಹೀಗೆ ಎರಡು ವಾರ ಮಾಡಿದರೂ ರಕ್ತ ನಿಲ್ಲದಿದ್ದರೆ ದಂತವೈದ್ಯರಲ್ಲಿಗೆ ಹೋಗಬೇಕು. ಅವರು ವಸಡಿನ ಸಂದಿನ ಆಳ ಅಳೆದು, ಅಗತ್ಯವಿದ್ದರೆ ಎಕ್ಸ್‌ರೇ ತೆಗೆದು, ಸ್ಕೇಲಿಂಗ್ ಮಾಡುತ್ತಾರೆ, ಅಂದರೆ ಉಪಕರಣದಿಂದ ಟಾರ್ಟರ್ ತೆಗೆಯುತ್ತಾರೆ. ರೋಗ ಆಳಕ್ಕಿಳಿದಿದ್ದರೆ ವಸಡಿನಡಿಯ ಬೇರನ್ನೂ ಶುಚಿಗೊಳಿಸುತ್ತಾರೆ, ಕೆಲವರಿಗೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಸ್ಕೇಲಿಂಗ್‌ನಿಂದ ಹಲ್ಲು ಸಡಿಲವಾಗುತ್ತದೆ ಎಂಬ ಭಯ ಬೇಡ: ಮೂಳೆ ಮೊದಲೇ ಕರಗಿದ್ದು, ಟಾರ್ಟರ್ ಹೋದಾಗ ಆ ಸಡಿಲ ಅರಿವಿಗೆ ಬರುತ್ತದೆ, ಅಷ್ಟೇ.

ಸಕ್ಕರೆ ಕಾಯಿಲೆಯವರು ಇದನ್ನು ಇನ್ನಷ್ಟು ಗಂಭೀರವಾಗಿ ಪರಿಗಣಿಸಬೇಕು, ಏಕೆಂದರೆ ಏರಿದ ಸಕ್ಕರೆ ವಸಡನ್ನು ಕೆಡಿಸುತ್ತದೆ, ಕೆಟ್ಟ ವಸಡು ಸಕ್ಕರೆಯ ಹತೋಟಿಯನ್ನು ಕಷ್ಟಗೊಳಿಸುತ್ತದೆ. ಗರ್ಭಿಣಿಯರಿಗೂ ಹಾರ್ಮೋನುಗಳಿಂದಾಗಿ ವಸಡು ಬೇಗ ಊದುತ್ತದೆ. ಕೀವು, ಜ್ವರ, ಮುಖದ ಬಾವು ಅಥವಾ ಹಲ್ಲಿನ ಅಲುಗಾಟ ಕಂಡರೆ ಮಾತ್ರ ಎರಡು ವಾರ ಕಾಯದೆ ಕೂಡಲೇ ವೈದ್ಯರನ್ನು ಕಾಣಿ.